ಚಾಪಾನ್ ತೊಟ್ಟ ಯಂತ್ರ

"ಅಯ್ಯೋ, ಇದೇನಿದು ಹೀಗೆ ಬರಿಮೈಯಲ್ಲಿ ನಿಂತಿದೆ?" ಎಂದು ಪ್ರಿನ್ಸಿಪಾಲ್ ಕಲಿಪಾ ಎಜೆ, ಅಂದರೆ ಕಲಿಪಾ ಅಕ್ಕ, ಮೂಗಿನ ಮೇಲೆ ಬೆರಳಿಟ್ಟರು.

ಬೆಗಾಯಿಮ್ ಗೋಡೆಯತ್ತ ನೋಡಿದಳು. ಅಲ್ಲಿ ಮೊಳೆಯೊಂದಕ್ಕೆ ಹಲಗೆ ತೂಗುಹಾಕಿತ್ತು. ಹಲಗೆಯ ಮೇಲೆ ಅಂಗೈ ಅಗಲದ ಹಸಿರು ಬೋರ್ಡು. ಅದಕ್ಕೆ ಡಬ್ಬಿಯಿಲ್ಲ, ಮುಚ್ಚಳವಿಲ್ಲ. ಅದರ ಒಂದು ಕಡೆಯಿಂದ ಯುಎಸ್‌ಬಿ ಕೇಬಲ್ ಹೊರಟು ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಹೋಗಿತ್ತು. ಇನ್ನೊಂದು ಕಡೆಯಿಂದ ಎರಡು ತೆಳು ವೈರುಗಳು ಇಳಿಬಿದ್ದಿದ್ದವು. ಅವುಗಳ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಚಿಕ್ಕ ಸೆನ್ಸರ್. ಗಾಳಿ ಎಷ್ಟು ಬಿಸಿ, ಎಷ್ಟು ತಂಪು ಎಂದು ತಿಳಿಯುವುದು ಆ ಕಾಳಿಗೇ.

"ಎಜೆ, ಇದು ಬರೋದೇ ಹೀಗೆ. ಬರೀ ಬೋರ್ಡು. ಡಬ್ಬಿ ನಾವೇ ಮಾಡ್ಕೋಬೇಕು," ಎಂದರು ಫಿಸಿಕ್ಸ್ ಕಲಿಸುವ ತಾಲಂತ್ ಅಗಾಯ್. "ವೈರ್ ಜೋಡಿಸಿದ್ದು ಬೆಗಾಯಿಮ್. ಕಂಪ್ಯೂಟರ್ ಕೆಲಸ ಎರ್ಮೆಕ್‌ದು. ನಾನು ಬರೀ ಚಹಾ ಕುಡೀತಾ ನೋಡ್ತಿದ್ದೆ."

"ಅದಿರಲಿ. ಕಂಪ್ಯೂಟರಿನಲ್ಲಿ ಎಂಟು ಅಂತಿದೆಯಲ್ಲ, ಏನು ಎಂಟು?"

"ಎಂಟು ಡಿಗ್ರಿ, ಎಜೆ. ನಮ್ಮ ಕ್ಲಾಸು," ಎಂದ ಎರ್ಮೆಕ್. ಅವನ ಕೈಗವಸಿನಲ್ಲಿ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತ್ತು. ಪೆನ್ನು ಹಿಡಿಯಬೇಕಲ್ಲ, ಅದಕ್ಕೆ.

ನಾರಿನ್ ಊರಿನ ಫೆಬ್ರವರಿ ತಿಂಗಳು ಸಣ್ಣದಾದರೂ ಅದರ ಚಳಿ ಸಣ್ಣದಲ್ಲ. ಶಾಲೆಯ ಕಲ್ಲಿದ್ದಲು ಬಾಯ್ಲರ್ ಡಿಸೆಂಬರಿನಲ್ಲೇ ಅರ್ಧ ಕೆಟ್ಟಿತ್ತು. ಐದನೇ ಕ್ಲಾಸಿನವರು ಕೋಟು, ಟೋಪಿ ಹಾಕಿಕೊಂಡೇ ಲೆಕ್ಕ ಮಾಡುತ್ತಿದ್ದರು. ಒಂದನೇ ಕ್ಲಾಸಿನ ಪುಟಾಣಿಗಳಲ್ಲಿ ಅರ್ಧ ಜನ ಕೆಮ್ಮುತ್ತಾ ಮನೆಯಲ್ಲೇ ಇದ್ದರು. ಬರುವ ಶುಕ್ರವಾರ ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಕಮಿಷನ್ ಬರಲಿತ್ತು. ಕ್ಲಾಸಿನ ಗಾಳಿ ಹದಿನೆಂಟು ಡಿಗ್ರಿಗಿಂತ ಕಡಿಮೆ ಇದ್ದರೆ ಹೊಸ ಬಾಯ್ಲರ್. ಆದರೆ ಈ ಚಳಿಗಾಲಕ್ಕೆ ಇದ್ದದ್ದು ಒಂದೇ ಬಾಯ್ಲರ್, ಕಾಯುತ್ತಿದ್ದದ್ದು ನಾಲ್ಕು ಶಾಲೆ.

"ಹಾಗಾದ್ರೆ ಎಂಟು ಒಳ್ಳೇದೇ ಅಲ್ವಾ ಎಜೆ?" ಎಂದಳು ಬೆಗಾಯಿಮ್.

"ಮನೆಗೆ ಬಂದೋರಿಗೆ ಯಾರಾದ್ರೂ ಹರಕು ಚಾಪೆ ತೋರಿಸ್ತಾರೇನೇ? ಅತಿಥಿ ಖುಷಿಯಾದ್ರೆ ತಾನೇ ಬಾಯ್ಲರ್ ಕೊಡೋದು? ಎಂಟು ನೋಡಿ ಯಾರಿಗೆ ಖುಷಿ ಆಗುತ್ತೆ?"

ಕಲಿಪಾ ಎಜೆ ಕೈಗೆತ್ತಿಕೊಂಡರೆ ಯಾವ ಕೆಲಸವೂ ನಿಲ್ಲುವುದಿಲ್ಲ. ಮಂಗಳವಾರ ಮರಗೆಲಸದ ಕೋಣೆಯಲ್ಲಿ ಡಬ್ಬಿ ತಯಾರಾಯಿತು. ನಾಲ್ಕೂ ಕಡೆ ಟಗರಿನ ಕೊಂಬಿನ ಚಿತ್ತಾರ. ಬೋರ್ಡು, ವೈರು, ಕಾಳು ಎಲ್ಲವನ್ನೂ ಅದರೊಳಗೆ ಮಡಚಿ ಕೂರಿಸಿದರು. "ಸೆನ್ಸರ್ ಹೊರಗಿರ್ಬೇಕು," ಎಂದು ಬೆಗಾಯಿಮ್ ಮೂರು ಸಲ ಹೇಳಿದಳು. ಕೊನೆಗೆ ಎರ್ಮೆಕ್ ಕದ್ದುಮುಚ್ಚಿ ಡಬ್ಬಿಯ ತಳಕ್ಕೊಂದು ತೂತು ಕೊರೆದ.

ಅಷ್ಟರಲ್ಲಿ ಎಜೆ ಬೆಗಾಯಿಮಳ ಅಜ್ಜಿಗೆ ಫೋನ್ ಮಾಡಿದ್ದರು. ಉಣ್ಣೆಯ ಕೆಲಸದಲ್ಲಿ ಆ ಬೀದಿಗೆಲ್ಲ ಅಜ್ಜಿಯದೇ ಮೊದಲ ಹೆಸರು. ಆದರೆ ಎರಡು ವರ್ಷದಿಂದ ಕಣ್ಣು ಮಂಜಾಗಿ ಅವಳು ಸೂಜಿ ಮುಟ್ಟಿರಲಿಲ್ಲ. ಎಜೆ ಕೇಳಿದ್ದೇ ತಡ, ಪೆಟ್ಟಿಗೆಯ ತಳದಿಂದ ಒಳ್ಳೆಯ ಉಣ್ಣೆ ಹೊರಬಂತು. ಎರಡು ದಿನ ಕಿಟಕಿಯ ಬೆಳಕಲ್ಲಿ ಕೂತು, ಬೆರಳಿಗೆ ಏಳು ಸಲ ಚುಚ್ಚಿಸಿಕೊಂಡು, ಅಜ್ಜಿ ಡಬ್ಬಿಗೆ ದಪ್ಪನೆಯ ಕೆಂಪು ಗವಸು ಹೊಲಿದಳು. ಕೇಬಲ್ಲಿನ ಸುತ್ತಲೂ ಇರುವೆ ಕೂಡ ನುಸುಳದ ಹಾಗೆ ಬಿಗಿದಳು. ಎರ್ಮೆಕ್ ಕೊರೆದ ತೂತು ಗವಸಿನ ಕೆಳಗೆ ಮುಚ್ಚಿಹೋಯಿತು.

"ಹೇಗಿದೆಯೇ?" ಎಂದು ಅಜ್ಜಿ ಕೇಳಿದಳು. ಅವಳ ಮುಖ ಅರಳಿತ್ತು.

ಬೆಗಾಯಿಮಳ ಬಾಯಲ್ಲಿ ತೂತಿನ ಮಾತು ಬಂದೇಬಿಟ್ಟಿತ್ತು. "ತುಂಬಾ ಚೆನ್ನಾಗಿದೆ ಅಜ್ಜಿ," ಎಂದುಬಿಟ್ಟಳು.

ಗುರುವಾರ ಗವಸು ತೊಟ್ಟ ಯಂತ್ರ ಗೋಡೆ ಏರಿತು. ಕಂಪ್ಯೂಟರಿನಲ್ಲಿ ಹದಿನಾಲ್ಕು ಬಂತು. ಊಟದ ಹೊತ್ತಿಗೆ ಹತ್ತೊಂಬತ್ತು. ಊಟ ಮುಗಿದ ಮೇಲೆ ಇಪ್ಪತ್ಮೂರು.

"ನೋಡಿದ್ರಾ!" ಎಂದು ಎಜೆ ಚಪ್ಪಾಳೆ ತಟ್ಟಿದರು. "ಮೈತುಂಬ ಬಟ್ಟೆ ಹಾಕಿದ ಮೇಲೆ ಅದಕ್ಕೂ ಬುದ್ಧಿ ಬಂತು."

ಹೊಗಳಿದರು ಸರಿ, ಹೊಗಳುವಾಗ ಎಜೆಯ ಬಾಯಿಂದ ಬೆಳ್ಳನೆ ಉಗಿ ಬರುತ್ತಿತ್ತು.

"ಅಗಾಯ್, ಅದು ಸುಳ್ಳು ಹೇಳ್ತಿದೆ," ಎಂದು ಬೆಗಾಯಿಮ್ ಪಿಸುಗುಟ್ಟಿದಳು.

"ಸುಳ್ಳು ಹೇಳ್ತಿಲ್ಲಮ್ಮ," ಎಂದರು ತಾಲಂತ್ ಅಗಾಯ್, ಮೀಸೆ ತಿರುವುತ್ತಾ. "ಕೆಲಸ ಮಾಡ್ತಾ ಮಾಡ್ತಾ ಬೋರ್ಡು ಬಿಸಿಯಾಗುತ್ತೆ. ಆ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲ. ಗವಸಿನೊಳಗೆ ನಿಜವಾಗ್ಲೂ ಇಪ್ಪತ್ಮೂರಿದೆ."

"ಹಾಗಾದ್ರೆ ಎಜೆಗೆ ಹೇಳಿ!"

"ಹೇಳಿದೆ. ನಾಳೆಯಿಂದ ಫಿಸಿಕ್ಸ್ ಬಿಟ್ಟು ಹಾಡು ಕಲಿಸ್ತೀರಾ ಅಂತ ಕೇಳಿದ್ರು," ಎಂದು ಅವರು ನಿಟ್ಟುಸಿರು ಬಿಟ್ಟರು. ಅವರ ಹಾಡು ಹೇಗಿರುತ್ತದೆಂದು ಶಾಲೆಗೆಲ್ಲ ಗೊತ್ತಿತ್ತು.

ಎರ್ಮೆಕ್ ಚೀಲದಿಂದ ಕತ್ತರಿ ತೆಗೆದ. "ಅದಕ್ಕೇನಂತೆ? ಕೆಳಗೆ ಒಂದು ರಂಧ್ರ, ಕಾಳು ಹೊರಗೆ. ಎರಡು ನಿಮಿಷದ ಕೆಲಸ. ತಗೋ."

ಬೆಗಾಯಿಮ್ ಕತ್ತರಿ ಹಿಡಿದಳು. ಕೆಂಪು ಗವಸಿನ ಪುಟ್ಟ ಪುಟ್ಟ ಹೊಲಿಗೆ ಕಂಡವು. ಅಜ್ಜಿಯ ಚುಚ್ಚಿದ ಬೆರಳು ಕಂಡಿತು. ಅಜ್ಜಿ ಪಕ್ಕದ ಮನೆ, ಎದುರು ಮನೆ, ಬ್ರೆಡ್ಡಿನ ಅಂಗಡಿ ಎಲ್ಲ ಕಡೆ, "ನನ್ನ ಕೈಕೆಲಸ ಕಮಿಷನ್ ನೋಡುತ್ತೆ," ಎಂದು ಹೇಳಿಕೊಂಡು ಬಂದಿದ್ದಳು.

"ನನ್ನ ಕೈಲಾಗಲ್ಲ," ಎಂದು ಅವಳು ಕತ್ತರಿ ವಾಪಸ್ ಕೊಟ್ಟಳು.

ಶುಕ್ರವಾರ ಕಮಿಷನ್ ಬಂತು. ಕಮಿಷನ್ ಎಂದರೆ ಒಬ್ಬರೇ, ಜೂಸುಪ್ ಬೈಕೆ ಎಂಬ ಹಿರಿಯರು. ಬಾಗಿಲಲ್ಲೇ ಅವರಿಗೆ ಅತಿಥಿಗೆಂದೇ ಇಟ್ಟಿದ್ದ ವೆಲ್ವೆಟ್ಟಿನ ದಪ್ಪ ನಿಲುವಂಗಿ, ಚಾಪಾನ್ ತೊಡಿಸಿದರು. ತಲೆಗೆ ಕಲ್ಪಾಕ್ ಟೋಪಿ ಇಟ್ಟರು. ಕ್ಲಾಸಿನ ಅತ್ಯುತ್ತಮ ಜಾಗದಲ್ಲಿ ಕೂರಿಸಿ, ಎಜೆಯ ಆಫೀಸಿನ ಹೀಟರ್ ತಂದು ಅವರ ಮೊಣಕಾಲಿಗೆ ತಾಗಿಸಿಟ್ಟರು. ಬಿಸಿ ಬಿಸಿ ಚಹಾ, ಕರಿದ ಹಿಟ್ಟಿನ ಬೋರ್ಸೊಕ್, ಮತ್ತೆ ಚಹಾ. ಮುಂದಿನ ಸಾಲಿನಲ್ಲಿ ಅಜ್ಜಿ ಹೊಸ ತಲೆವಸ್ತ್ರ ಕಟ್ಟಿಕೊಂಡು ಕೂತಿದ್ದಳು.

ಜೂಸುಪ್ ಬೈಕೆ ಹಣೆಯ ಬೆವರು ಒರೆಸಿಕೊಂಡರು. "ಅಬ್ಬಾ, ಎಷ್ಟು ಬೆಚ್ಚಗಿದೆ! ಯಂತ್ರವೂ ಇಪ್ಪತ್ಮೂರು ಅಂತಿದೆ. ಶಾಲೆ ಅಂದ್ರೆ ಹೀಗಿರ್ಬೇಕು," ಎನ್ನುತ್ತಾ ಕಾಗದದಲ್ಲಿ ಬರೆದುಕೊಂಡರು. "ಬಾಯ್ಲರನ್ನ ಸೇತುವೆ ಆಚೆ ಶಾಲೆಗೆ ಕೊಟ್ಬಿಡೋಣ. ಪಾಪ, ಅಲ್ಲಿ ಹದಿಮೂರು."

ಕಲಿಪಾ ಎಜೆ ಚಹಾದ ಕೆಟಲ್ ಕೆಳಗಿಟ್ಟರು. "ಹದಿಮೂರಾ?" ಎಂದರು. ನಮ್ಮದು ಎಂಟು ಎನ್ನಲು ಬಾಯಿ ತೆರೆದರು. ಆದರೆ ಕೊನೆಗೆ ಅತಿಥಿಗೆ ಇನ್ನೊಂದು ಬಟ್ಟಲು ಚಹಾ ಸುರಿದರು.

ಪಕ್ಕದ ಗೋಡೆಯಾಚೆ ಒಂದನೇ ಕ್ಲಾಸಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಬೆಗಾಯಿಮ್ ಎದ್ದು ನಿಂತಳು.

"ಬೈಕೆ, ಅದು ಕ್ಲಾಸಿನ ಬಿಸಿ ಅಲ್ಲ. ಡಬ್ಬಿಯ ಬಿಸಿ. ಸೆನ್ಸರ್ ಒಳಗಡೆ ಸಿಕ್ಕೊಂಡಿದೆ."

"ಕೂತ್ಕೋ!" ಎಂದರು ಎಜೆ. ಆದರೆ ಆ ದನಿಯಲ್ಲಿ ಎಂದಿನ ಗಡಸು ಇರಲಿಲ್ಲ.

"ಹೌದಾ? ಹೊರಗೆ ತೆಗಿ, ನೋಡೋಣ," ಎಂದರು ಜೂಸುಪ್ ಬೈಕೆ.

"ತೆಗೀಬೇಕು ಅಂದ್ರೆ ಗವಸು ಕತ್ತರಿಸ್ಬೇಕು."

ಜೂಸುಪ್ ಬೈಕೆ ಎದ್ದು ಹೋಗಿ ಗವಸನ್ನು ಸವರಿದರು. "ಇಂಥ ಕೆಲಸಾನ ಕತ್ತರಿಸೋದಾ? ಛೆ ಛೆ, ಬೇಡ."

ಅಜ್ಜಿ ನಿಧಾನವಾಗಿ ಎದ್ದು ಬಂದಳು. ಅವಳು ನೋಡಿದ್ದು ಯಂತ್ರವನ್ನಲ್ಲ, ಮೊಮ್ಮಗಳನ್ನು.

"ನಿನಗೆ ಇದು ಯಾವಾಗಿಂದ ಗೊತ್ತು?"

"ನೀನು ಹೊಲಿದು ಮುಗಿಸಿದಾಗಿಂದ."

"ಮತ್ತೆ ಚೆನ್ನಾಗಿದೆ ಅಂದೆ?"

"ಚೆನ್ನಾಗಿತ್ತು ಅಜ್ಜಿ..." ಬೆಗಾಯಿಮಳ ಕಣ್ಣು ತುಂಬಿ ಬಂತು.

ಅಜ್ಜಿ ಎರ್ಮೆಕ್‌ನ ಕಡೆ ಕೈ ಚಾಚಿ, "ಕತ್ತರಿ ಕೊಡೋ," ಎಂದಳು. ಕಣ್ಣಿನ ಹತ್ತಿರ ತಂದು ನೋಡಿ, "ಎಲ್ಲಿಗೆ ಬೇಕು, ತೋರಿಸು," ಎಂದಳು. ಬೆಗಾಯಿಮ್ ಬೆರಳಿಟ್ಟು ತೋರಿಸಿದಳು. ಕತ್ತರಿ ಕರಕರ ಎಂದಿತು. ಕೆಂಪು ಉಣ್ಣೆಯ ಒಂದು ತುಂಡು ಅಜ್ಜಿಯ ಅಂಗೈಗೆ ಬಿತ್ತು.

ಬೆಗಾಯಿಮ್ ವೈರನ್ನು ಮೆಲ್ಲಗೆ ಎಳೆದಳು. ಕಾಳು ಹೊರಬಂತು.

ಇಪ್ಪತ್ತೆರಡು. ಹತ್ತೊಂಬತ್ತು. ಹದಿನೈದು. ಮೊದಲು ಎರ್ಮೆಕ್ ಒಬ್ಬನೇ ಕೂಗುತ್ತಿದ್ದ. ಹನ್ನೆರಡಕ್ಕೆ ಇಡೀ ಕ್ಲಾಸು ಕೂಗತೊಡಗಿತು. ಅಂಕಿ ಎಂಟಕ್ಕೆ ಬಂದು ನಿಂತಿತು.

ಜೂಸುಪ್ ಬೈಕೆ ಮಕ್ಕಳ ಬಾಯಿಂದ ಬರುತ್ತಿದ್ದ ಉಗಿಯನ್ನು ಆಗ ನೋಡಿದರು. ಚಾಪಾನ್ ಕಳಚಿ ಕುರ್ಚಿಗೆ ಹಾಕಿದರು. ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಹೋಗಿ, ಬರೀ ಅಂಗಿಯಲ್ಲಿ ಕೂತರು. ಒಂದು ನಿಮಿಷವಾಗುವಷ್ಟರಲ್ಲಿ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡರು.

"ಕಾಗದ ತನ್ನಿ," ಎಂದರು. ಇಪ್ಪತ್ಮೂರನ್ನು ಹೊಡೆದು ಹಾಕಿ ಎಂಟು ಬರೆದರು. "ಸೋಮವಾರ ಬಾಯ್ಲರ್ ಇಲ್ಲಿಗೇ ಬರುತ್ತೆ."

"ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ ಬೈಕೆ," ಎಂದರು ಕಲಿಪಾ ಎಜೆ, "ನಮ್ಮದು ಎಂಟು ಅಂದ್ರೆ ಎಂಟು ಅಂತ." ತಾಲಂತ್ ಅಗಾಯ್‌ಗೆ ಆಗಲೇ ಜೋರಾಗಿ ಕೆಮ್ಮು ಬಂತು.

ಶಾಲೆ ಬಿಟ್ಟ ಮೇಲೆ ಅಜ್ಜಿ ಮೊಮ್ಮಗಳು ಹಿಮ ತುಳಿಯುತ್ತಾ ಮನೆಗೆ ಹೊರಟರು. ಬ್ರೆಡ್ಡಿನ ಅಂಗಡಿಯವಳು ಬಾಗಿಲಿಂದ ಕೂಗಿದಳು. "ಏನಂದ್ರು ಕಮಿಷನ್‌ನೋರು ನಿಮ್ಮ ಗವಸು ನೋಡಿ?"

"ಮೆಚ್ಚಿದ್ರು ಕಣಮ್ಮ, ತುಂಬಾ ಮೆಚ್ಚಿದ್ರು," ಎಂದಳು ಅಜ್ಜಿ. ನಕ್ಕಳು ಕೂಡ.

ತಿರುವು ದಾಟಿದ ಮೇಲೆ ಅಜ್ಜಿಯ ನಗು ಇರಲಿಲ್ಲ. ಬೆಗಾಯಿಮಳ ಕೈ ಚಳಿಗೆ ಮರಗಟ್ಟಿತ್ತು. ಅದನ್ನು ಅಜ್ಜಿಯ ಕೋಟಿನ ಜೇಬಿಗೆ ತೂರಿಸಿದಳು. ಅಲ್ಲಿ ಅಜ್ಜಿಯ ಕೈ ಮೊದಲೇ ಇತ್ತು. ಬೆರಳುಗಳ ನಡುವೆ ಮೆತ್ತಗಿನದೇನೋ ತಾಕಿತು. ಕತ್ತರಿಸಿದ ಉಣ್ಣೆಯ ತುಂಡು. ಅಜ್ಜಿಯ ಹೆಬ್ಬೆರಳು ಅದರ ಮೇಲಿನ ಹೊಲಿಗೆಯನ್ನು ಮತ್ತೆ ಮತ್ತೆ ಸವರುತ್ತಿತ್ತು.

ಅಜ್ಜಿಗೆ ನೋವಾಗಿತ್ತು. ನೋವಾಗುತ್ತದೆಂದು ಗೊತ್ತಿದ್ದೇ ಅವಳು ಕತ್ತರಿ ಕೇಳಿದ್ದಳು.

ಬೆಗಾಯಿಮ್ ಆ ತುಂಡಿನ ಸಮೇತ ಅಜ್ಜಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ನಡೆದಳು.