ಬೆಲ್ಟಿನ ಮೇಲೆ ಬಂದ ಮಂಚ

ಕೆಂಪು ಹಗ್ಗ ಎಳೆದದ್ದು ತಾನೇ ಎಂಬುದು ಬೆಲ್ಟು ನಿಂತ ಮೇಲಷ್ಟೇ ಅವಳಿಗೆ ತಿಳಿಯಿತು.

ಅದು ಮರ ಸುಟ್ಟು ಕರೆಂಟು ತಯಾರಿಸುವ ಕಾರ್ಖಾನೆ. ಮರ ಪುಡಿಮಾಡುವ ಯಂತ್ರದ ಬಾಯಿಗೆ ಎರಡೇ ಮಾರು ದೂರದಲ್ಲಿ, ತೊಗಟೆ, ಮುರುಕು ಹಲಗೆಗಳ ನಡುವೆ ಒಂದು ಮಂಚದ ತಲೆಹಲಗೆ ಬಿದ್ದಿತ್ತು. ಅದರ ಮೇಲೊಂದು ನವಿಲು. ಕೋಳಿಯಂಥ ನವಿಲು.

ಅಂಥ ನವಿಲು ಲೋಕದಲ್ಲಿ ಇನ್ನೊಂದಿರಲಿಲ್ಲ. ಅಲ್ಲಿಗೆ ಬರುವ ಮರದ ತೇವ ಪರೀಕ್ಷಿಸುವ ಅವಳೇ ಒಂದು ದಿನ ಪರೀಕ್ಷೆಯ ಚೀಟಿಯ ಹಿಂದೆ ಅದನ್ನು ಗೀಚಿಕೊಟ್ಟಿದ್ದಳು. ಗೀಚಿದ್ದನ್ನು ಹಾಗೆಯೇ ಕೆತ್ತಿದವನು ಅವಳನ್ನು ಮದುವೆಯಾಗಲಿದ್ದ ಬಡಗಿ. ಮದುವೆಗೆ ಇನ್ನು ಇಪ್ಪತ್ತು ದಿನ.

ನಾಲ್ಕು ದಿನದಿಂದ ಅವನು ಫೋನ್ ಎತ್ತಿಲ್ಲ... ಇದಕ್ಕಾ?

"ಬೆಲ್ಟ್ ಯಾರಮ್ಮ ನಿಲ್ಲಿಸಿದ್ದು?" ಬಾಯ್ಲರ್ ನೋಡಿಕೊಳ್ಳುವ ಅಣ್ಣ ಮೇಲಿನಿಂದ ಕೂಗಿದ. "ಒಲೆಗೆ ಚಕ್ಕೆ ಹೋಗದಿದ್ರೆ ಹಬೆ ಇಳಿಯುತ್ತೆ, ಕರೆಂಟೂ ಇಳಿಯುತ್ತೆ. ಹತ್ತು ನಿಮಿಷ ಕೊಡ್ತೀನಿ, ಅಷ್ಟೇ."

"ಈ ಲೋಡ್ ಯಾರದಣ್ಣ?"

"ನಿನ್ನ ಬಡಗಿದೇ. ಟ್ರ್ಯಾಕ್ಟರ್ ಇನ್ನೂ ಕೆಳಗೇ ನಿಂತಿದೆ ನೋಡು."

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಅವಳನ್ನು ಕಂಡದ್ದೇ ಬಡಗಿಯ ಮುಖ ಬಿಳಿಚಿಕೊಂಡಿತು.

"ನಿಂದು ಮಧ್ಯಾಹ್ನದ ಪಾಳಿ ಅಲ್ವಾ?"

"ಪಾಳಿ ಬದಲಾಯ್ತು. ನಾನಿಲ್ಲದ ಹೊತ್ತು ನೋಡ್ಕೊಂಡು ಬಂದ್ಯಾ?" ಅವಳು ಬೆಲ್ಟಿನತ್ತ ಕೈ ತೋರಿದಳು. "ಮದುವೆ ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳಬೇಕಿತ್ತು. ಮಂಚ ಸುಟ್ಟು ತಿಳಿಸ್ತಾರಾ?"

ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತ. ಅವಳನ್ನು ಬೆಲ್ಟಿನ ಬಳಿಗೆ ಕರೆದೊಯ್ದ. ತಲೆಹಲಗೆಯನ್ನು ಕೆಳಗಿಳಿಸಿ, ಮಗುಚಿ, ಮುಷ್ಟಿಯಿಂದ ಒಂದು ಗುದ್ದು ಕೊಟ್ಟ.

ಹಿಟ್ಟು ಸುರಿಯಿತು. ನುಣ್ಣನೆಯ ಹಳದಿ ಹಿಟ್ಟು. ಹಿಂಬದಿಯ ತುಂಬ ಸೂಜಿಮೊನೆಯಷ್ಟು ತೂತುಗಳು.

"ಹುಳು..." ಎಂದಳು.

"ಕಾಲುಗಳನ್ನೂ ತಿಂದಿದೆ. ಮಲಗಿದ ದಿನವೇ ಇಬ್ಬರೂ ನೆಲಕ್ಕೆ." ಅವನು ತಲೆ ತಗ್ಗಿಸಿದ. "ಮರ ಆರಿಸಿದ್ದು ನಾನೇ. ಹದಿನೈದು ವರ್ಷ ಉಳಿ ಹಿಡಿದೋನು... ನಿನಗೆ ಹೇಗೆ ಹೇಳ್ಲಿ? ಹೊಸದು ಮುಗಿಸೇ ಮಾತಾಡೋಣ ಅಂತ ಫೋನ್ ಎತ್ತಲಿಲ್ಲ."

ಅವಳು ಬಗ್ಗಿ ತೂತುಗಳನ್ನು ಹತ್ತಿರದಿಂದ ನೋಡಿದಳು.

"ಒಂದು ಹಿಡಿ ಚಕ್ಕೆ ಹಿಡಿದೇ ತೇವ ಎಷ್ಟು ಅಂತ ಹೇಳೋಳು ನೀನು," ಎಂದ ಅವನು. "ಇದನ್ನ ಮುಟ್ಟಿ ನೋಡ್ಲಿಲ್ವಾ?"

"ಮುಟ್ಟೋಕೆ ಧೈರ್ಯ ಬರಲಿಲ್ಲ."

ಅವನ ಕಣ್ಣು ತುಂಬಿತು. "ಮಂಚ ಇಲ್ಲದಿದ್ರೆ ಚಾಪೆ ಹಾಸ್ಕೋತೀನಿ. ನೀನಿಲ್ಲದಿದ್ರೆ..."

"ಅದನ್ನ ಫೋನಲ್ಲಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎನ್ನುತ್ತ ಅವಳು ಅತ್ತಳು.

"ಏಳು ನಿಮಿಷ ಆಯ್ತು," ಮೇಲಿನಿಂದ ಅಣ್ಣನ ದನಿ. "ಜಗಳ ಪಕ್ಕಕ್ಕೆ ಸರಿದು ಆಡ್ರಪ್ಪ."

ಹಲಗೆಯ ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅವನು. ಎತ್ತಿ ಬೆಲ್ಟಿನ ಮೇಲಿಟ್ಟರು. ಗುಂಡಿ ಒತ್ತಿದವಳು ಅವಳೇ. ನವಿಲು ಮೆಲ್ಲಗೆ ಯಂತ್ರದೊಳಗೆ ಹೋಯಿತು.

"ಹೊಸದಕ್ಕೂ ಅದೇ ಚಿತ್ರಾನಾ?" ಎಂದು ಕೇಳಿದಳು.

"ಅದೇ. ಸಂಜೆ ಮನೆಯಲ್ಲಿ ದೀಪ ಹಾಕಿದಾಗ ನೆನಪಿಸ್ಕೋ, ಆ ಬೆಳಕಲ್ಲಿ ನಮ್ಮ ಕೋಳೀನೂ ಇದೆ."

ಅವಳು ಮೂಗೊರೆಸಿಕೊಂಡಳು.

"ನವಿಲು," ಎಂದಳು.