ಜಾಹೀರಾತಿಲ್ಲದ ಶುಕ್ರವಾರ

ಮೂರು ಹಾಡಿಗೊಮ್ಮೆ ಮರ್ರೆ ಮನೆಯೊಳಗೆ ಬರುತ್ತಿದ್ದ. ಬಾಗಿಲು ತಟ್ಟದೆ, ಬೂಟು ಬಿಚ್ಚದೆ, ಲೋರ್ನ್ ಥೀಸನ್‌ನ ಕಂಪ್ಯೂಟರಿನ ಸ್ಪೀಕರಿನಿಂದ ನೇರ ನಡುಮನೆಗೆ. ‘ನಿದ್ದೆ ಬರ್ತಿಲ್ವಾ? ಮರ್ರೆ ಹತ್ರ ಬನ್ನಿ. ಹಾಸಿಗೆ ನಮ್ದು, ಕನಸು ನಿಮ್ದು’ ಎನ್ನುವ ಎಣ್ಣೆ ಸವರಿದ ದನಿ, ಅವನ ಹಾಸಿಗೆ ಅಂಗಡಿಯ ಜಾಹೀರಾತು. ಅದರ ಹಿಂದೆಯೇ ಅಕಾರ್ಡಿಯನ್ನಿನಲ್ಲಿ ಆರು ಸ್ವರ. ಆ ಆರು ಸ್ವರ ಲೋರ್ನನ ಅಪ್ಪ ಕಟ್ಟಿದ ಪೋಲ್ಕಾ ಕುಣಿತದ ಧಾಟಿಯ ಮೊದಲ ಸಾಲು. ಅಕಾರ್ಡಿಯನ್ನೂ ಅಪ್ಪನದೇ. ಆರರಲ್ಲಿ ಐದನೆಯದನ್ನು ಮರ್ರೆ ತಪ್ಪು ನುಡಿಸಿದ್ದ. ಆ ತಪ್ಪನ್ನೇ ರೆಕಾರ್ಡು ಮಾಡಿಸಿ ಇಡೀ ವಿನಿಪೆಗ್ ಊರಿಗೆ ಹಂಚಿದ್ದ.

‘ಐದನೇದು ತಪ್ಪು ಕಣೋ, ಕತ್ತೆ’ ಎಂದು ಲೋರ್ನ್ ಪ್ರತಿಸಲವೂ ಕೂಗುತ್ತಿದ್ದ. ಎರಡು ವರ್ಷದಲ್ಲಿ ಒಂದು ಸಲವೂ ಬಿಟ್ಟಿರಲಿಲ್ಲ.

ಮರ್ರೆ ಬೇರೆ ಯಾರೂ ಅಲ್ಲ, ತೀರಿಕೊಂಡ ತಂಗಿ ಎಲೇನಳ ಗಂಡ. ಅಪ್ಪ ಹೋದಾಗ ಲೋರ್ನ್ ಟೆಲಿಫೋನ್ ಕೆಲಸಕ್ಕೆಂದು ದೂರದ ಉತ್ತರದಲ್ಲಿದ್ದ, ಅಕಾರ್ಡಿಯನ್ ಎಲೇನಳ ಮನೆ ಸೇರಿತು. ಮೂರು ವರ್ಷದ ಹಿಂದೆ ಅವಳೂ ಹೋದಳು. ಮಣ್ಣು ಮಾಡಿ ಬಂದ ವಾರದಲ್ಲೇ ಲೋರ್ನ್ ಬಾಯಿಬಿಟ್ಟು ಕೇಳಿದ್ದ.

‘ಅವಳು ದಿನಾ ಅದರ ಧೂಳು ಒರೆಸ್ತಿದ್ಲು. ಅದು ಇಲ್ಲೇ ಇರ್ಲಿ ಬಿಡು, ಲೋರ್ನ್’ ಎಂದಿದ್ದ ಮರ್ರೆ.

‘ನಿಂಗೆ ನುಡಿಸೋಕೇ ಬರಲ್ಲ.’

‘ಒರೆಸೋಕೆ ಬರತ್ತಲ್ಲ.’

ಅಲ್ಲಿಗೆ ಮಾತು ಮುಗಿದಿತ್ತು. ಆಮೇಲೆ ಒಂದು ವರ್ಷಕ್ಕೆ ಜಾಹೀರಾತು ಶುರುವಾಯಿತು. ಧೂಳು ಒರೆಸುವವನು ವ್ಯಾಪಾರಕ್ಕಿಳಿದಿದ್ದ. ಅವತ್ತೇ ಲೋರ್ನ್ ತೀರ್ಮಾನ ಮಾಡಿದ, ಅಪ್ಪನ ಅಕಾರ್ಡಿಯನ್ನನ್ನು ಎತ್ತಿಕೊಂಡು ಬರುವುದೇ ಸರಿ.

ಎತ್ತಿಕೊಂಡು ಬರುವುದು ಕಷ್ಟವಿರಲಿಲ್ಲ. ಈ ಊರಿನ ಚಳಿಯಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಅರ್ಧ ದಿನ ನಿಂತರೆ ನೀರಿನ ಕೊಳವೆಗಳೆಲ್ಲ ಒಡೆದು ಹೋಗುತ್ತವೆ, ಹಾಗಾಗಿ ಪ್ರತಿ ಮನೆಯ ಒಂದು ಕೀಲಿಕೈ ನಂಬಿಕಸ್ತರೊಬ್ಬರ ಬಳಿ ಇದ್ದೇ ಇರುತ್ತದೆ. ಎಲೇನ್ ಅಣ್ಣನಿಗೆ ಕೊಟ್ಟಿದ್ದ ಕೀಲಿಯನ್ನು ಮರ್ರೆ ವಾಪಸು ಕೇಳಿರಲಿಲ್ಲ. ಬಹುಶಃ ಅಂಥ ಕೀಲಿಯೊಂದು ಇದೆಯೆಂಬುದೇ ಅವನಿಗೆ ಮರೆತಿತ್ತು. ಕೊಟ್ಟ ಕೀಲಿಯನ್ನು ಜನ ಮರೆತೇಬಿಡುತ್ತಾರೆ ಎಂದು ಲೋರ್ನ್ ಒಳಗೊಳಗೇ ನಕ್ಕಿದ್ದ.

ಕಷ್ಟವಿದ್ದದ್ದು ಆಮೇಲಿನದು. ಪೊಲೀಸರು ‘ಯಾರ ಮೇಲೆ ಅನುಮಾನ?’ ಎಂದು ಕೇಳಿ ಬಾಯಿ ಮುಚ್ಚುವ ಮುಂಚೆ ಮರ್ರೆ ಲೋರ್ನನ ಹೆಸರು ಹೇಳುತ್ತಾನೆ. ಆದ್ದರಿಂದ ಆ ಹೊತ್ತಿನಲ್ಲಿ ಲೋರ್ನ್ ತನ್ನ ಮನೆಯಲ್ಲೇ ಇರಬೇಕು, ಇದ್ದದ್ದಕ್ಕೆ ಸಾಕ್ಷಿಯೂ ಇರಬೇಕು. ಸಾಕ್ಷಿ ಕೂಡ ತನಗೆ ಬೇಕಾದವರಾಗಿರದೆ, ಸುಳ್ಳು ಹೇಳಿ ಗೊತ್ತೇ ಇಲ್ಲದವರಾಗಿರಬೇಕು.

ಅಂಥವರು ಗೋಡೆಯ ಆಚೆಗೇ ಇದ್ದರು. ಲೋರ್ನನದು ನಾರ್ತ್ ಎಂಡ್ ಬಡಾವಣೆಯ ಒಂದು ಜೋಡಿಮನೆ, ನಡುವೆ ಒಂದೇ ಗೋಡೆ. ಆಚೆಯ ಅಡುಗೆಮನೆಯಲ್ಲಿ ಎಪ್ಪತ್ತೊಂಬತ್ತರ ಸ್ಟೆಫಾ ಬಬಿಯಾಕ್ ಶುಕ್ರವಾರ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ತಮ್ಮ ಉಕ್ರೇನಿ ಚರ್ಚಿಗಾಗಿ ಆಲೂಗಡ್ಡೆ ಹೂರಣದ ಪೆರೋಗಿ ಕಡುಬು ಮಾಡುತ್ತಿದ್ದರು. ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದು. ಪಾದ್ರಿಗೆ ತಪ್ಪಿ ನಮಸ್ಕಾರ ಹೇಳದಿದ್ದರೂ ತಾವೇ ಹೋಗಿ ತಪ್ಪೊಪ್ಪಿಕೊಳ್ಳುವ ಹೆಂಗಸು.

ಇನ್ನೊಂದು ಸಾಕ್ಷಿ ಕಂಪ್ಯೂಟರು. ಶಾಲೆಯವರು ಎಸೆದಿದ್ದ ಹಳೆಯ ಡಬ್ಬಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ ಲೋರ್ನ್ ಜೀವ ಕೊಟ್ಟಿದ್ದ. ಅದರೊಳಗಿನ ಪ್ರತಿಯೊಂದು ತಿರುಪೂ ಅವನ ಕೈಗೆ ಗೊತ್ತು. ಹಾಡಿನ ಆ್ಯಪು ಯಾವ ಹಾಡನ್ನು ಎಷ್ಟು ಗಂಟೆಗೆ ಕೇಳಿದ ಎನ್ನುವ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುತ್ತಿತ್ತು. ಒಂದು ಪಟ್ಟಿ, ಒಂದು ಕಿವಿ. ಪೊಲೀಸರಿಗೆ ಇದಕ್ಕಿಂತ ಇನ್ನೇನು ಬೇಕು?

ತೊಡಕಿದ್ದದ್ದು ಜಾಹೀರಾತಿನಲ್ಲಿ. ಮರ್ರೆಯ ದನಿ ಬಂದಾಗ ಲೋರ್ನ್ ಕೂಗದಿದ್ದರೆ ಆಚೆಯ ಕಿವಿ ನೆಟ್ಟಗಾಗುತ್ತದೆ. ಆಳು ಮನೆಯಲ್ಲಿಲ್ಲ ಎಂದು ತಿಳಿಯಲು ಅಷ್ಟು ಸಾಕು. ಇದನ್ನು ಕಂಡುಹಿಡಿದ ದಿನ ಲೋರ್ನ್ ತನ್ನ ಬುದ್ಧಿಗೆ ತಾನೇ ಬೆರಗಾದ. ಬೇರೆ ಯಾವ ಕಳ್ಳನಿಗಾದರೂ ಇಷ್ಟು ಹೊಳೆಯುತ್ತಿತ್ತೇ? ಕೂಗನ್ನು ರೆಕಾರ್ಡು ಮಾಡಿಡೋಣವೆಂದರೆ ಜಾಹೀರಾತು ಯಾವ ಕ್ಷಣಕ್ಕೆ ಬೀಳುತ್ತದೆಂದು ಹೇಳಲಾಗದು. ದುಡ್ಡು ಕಟ್ಟಿ ಜಾಹೀರಾತಿಲ್ಲದ ಸೌಲಭ್ಯ ಪಡೆಯೋಣವೆಂದರೆ, ಇಷ್ಟು ವರ್ಷ ಬಿಟ್ಟಿ ಕೇಳಿದವನು ಕಳುವಿನ ವಾರವೇ ಯಾಕೆ ಚಂದಾದಾರನಾದ ಎಂದು ಯಾರಾದರೂ ಮೂಗು ತೂರಿಸುತ್ತಾರೆ. ಉಳಿದದ್ದು ಒಂದೇ ದಾರಿ, ಮರ್ರೆ ಬರುವ ಬಾಗಿಲನ್ನೇ ಮುಚ್ಚುವುದು.

ಮೊದಲು ಜಾಹೀರಾತು ಬಂದ ಕೂಡಲೇ ದನಿ ಅಡಗಿಸುವ ಸಣ್ಣ ಪ್ರೋಗ್ರಾಂ ಬರೆದ. ಆಗ ಅರ್ಧ ನಿಮಿಷದ ಮೌನ ಉಳಿಯಿತು, ಮೌನವೂ ಅನುಮಾನಕ್ಕೆ ದಾರಿ. ಅದನ್ನು ಕಿತ್ತು ಹಾಕಿದ. ಆಮೇಲೆ ಜಾಹೀರಾತುಗಳು ಯಾವ ಯಾವ ವಿಳಾಸದಿಂದ ಇಳಿದು ಬರುತ್ತವೆಂದು ವಾರವಿಡೀ ಹೊಂಚು ಹಾಕಿ ಕೂತು ನೋಡಿದ. ಲಿನಕ್ಸಿನಲ್ಲಿ ವಿಳಾಸಗಳದೇ ಒಂದು ಸಣ್ಣ ಕಡತವಿದೆ. ಈ ವಿಳಾಸಗಳೆಲ್ಲ ಇದೇ ಮನೆಯವು ಎಂದು ಅದರಲ್ಲಿ ಸುಳ್ಳು ಬರೆದಿಟ್ಟ. ಜಾಹೀರಾತು ತರಲು ಹೊರಟ ಆ್ಯಪು ತನ್ನ ಮನೆಯ ಬಾಗಿಲನ್ನೇ ತಟ್ಟುತ್ತದೆ, ಯಾರೂ ಓಗೊಡುವುದಿಲ್ಲ, ಪೆಚ್ಚಾಗಿ ಮುಂದಿನ ಹಾಡಿಗೆ ಹೋಗುತ್ತದೆ. ಪರೀಕ್ಷೆಯನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡೇ ಮಾಡಿದ, ಗೋಡೆಯಾಚೆ ಒಂದಿಷ್ಟೂ ಸುಳಿವು ಸಿಗಬಾರದಲ್ಲ. ನಾಲ್ಕು ಗಂಟೆ ಹೊತ್ತು ಮರ್ರೆ ತುಟಿ ಬಿಚ್ಚಲಿಲ್ಲ. ಲೋರ್ನನ ಕಣ್ಣು ತುಂಬಿ ಬಂತು. ಅಷ್ಟು ಹೊತ್ತು ತಪ್ಪು ಸ್ವರ ಕೇಳದೆ ಇದ್ದು ಎಷ್ಟು ದಿನವಾಗಿತ್ತು.

ಮನುಷ್ಯ ಕೂತಿದ್ದಾನೆ ಅನ್ನಿಸಲೆಂದು ಆಗಾಗ ದನಿ ತಗ್ಗಿಸಿ ಏರಿಸುವ, ಎರಡು ಹಾಡನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋಗುವ ಏರ್ಪಾಟನ್ನೂ ಮಾಡಿದ. ಬುಧವಾರ ಮೆಟ್ಟಿಲ ಮೇಲಿನ ಹಿಮ ಗೋರುವ ನೆಪದಲ್ಲಿ ಪಕ್ಕದವರನ್ನು ಮಾತಿಗೆಳೆದ.

‘ಈ ಶುಕ್ರವಾರ ಎಲ್ಲಾದ್ರೂ ಹೋಗ್ತೀರಾ, ಮಿಸೆಸ್ ಬಬಿಯಾಕ್?’

‘ಎಲ್ಲಿಗೆ ಹೋಗ್ಲಪ್ಪ? ಪಾದ್ರಿ ಮೂವತ್ತು ಡಜನ್ ಕೇಳಿದಾರೆ. ಅವರೇನು, ಬಾಯಲ್ಲಿ ಹೇಳ್ತಾರೆ. ಲಟ್ಟಿಸೋಳು ನಾನು.’

‘ನನ್ನ ಹಾಡು ಜೋರಾದ್ರೆ ಗೋಡೆ ತಟ್ಟಿ.’

‘ಜೋರಾಗೇ ಇರ್ಲಿ. ನಂಗದು ಬೇಕು.’

ದೊಡ್ಡ ಮನಸ್ಸಿನ ಹೆಂಗಸು, ದಾಕ್ಷಿಣ್ಯಕ್ಕೆ ಹೇಳುತ್ತಾರೆ ಎಂದುಕೊಂಡ.

ಶುಕ್ರವಾರ ಮೈನಸ್ ಇಪ್ಪತ್ತೆಂಟು ಡಿಗ್ರಿ ಚಳಿ. ಹನ್ನೆರಡೂವರೆಗೆ ಹಾಡು ಹಚ್ಚಿದ, ಮುಕ್ಕಾಲಿಗೆ ಹಿಂಬಾಗಿಲಿನಿಂದ ಹೊರಬಿದ್ದ. ಕಾರನ್ನು ಅಂಗಳದಲ್ಲೇ ಬಿಟ್ಟಿದ್ದ. ಎಂಜಿನ್ ಹೆಪ್ಪುಗಟ್ಟದಿರಲೆಂದು ಸಿಕ್ಕಿಸುವ ವಿದ್ಯುತ್ ತಂತಿ ಅದರ ಮೂತಿಯಿಂದ ನೇತಾಡುತ್ತಿತ್ತು. ನೋಡಿದವರು ಯಜಮಾನ ಒಳಗಿದ್ದಾನೆ ಎಂದೇ ಅಂದುಕೊಳ್ಳಬೇಕು. ಬೀದಿಯ ಅರ್ಧ ಮನೆಗಳ ಕರೆಗಂಟೆಯಲ್ಲಿ ಕ್ಯಾಮೆರಾ ಇತ್ತು, ಆದ್ದರಿಂದ ಹಿಂದಿನ ಓಣಿ ಹಿಡಿದ. ಮುಖಕ್ಕೆ ಮಫ್ಲರ್, ಹೆಗಲಿಗೆ ದೊಡ್ಡ ಹಾಕಿ ಚೀಲ. ಈ ಊರಿನ ಚಳಿಗಾಲದಲ್ಲಿ ಹಾಕಿ ಚೀಲ ಹೊತ್ತವನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೂ ಬಸ್ಸಿನಲ್ಲಿ ಎದುರು ಸೀಟಿನವನು ಫೋನನ್ನು ಒಂದಿಷ್ಟು ಎತ್ತಿ ಹಿಡಿದಂತೆ ಕಂಡು, ಲೋರ್ನ್ ಒಂದು ನಿಲ್ದಾಣ ಮುಂಚೆಯೇ ಇಳಿದು ನಡೆದ. ಅಂಚೆಯವಳು ತಿರುಗಿ ನೋಡಿದ್ದು ಯಾಕೆ? ಆ ಟ್ರಕ್ಕು ನಿಧಾನವಾದದ್ದು ಯಾಕೆ? ಜಗತ್ತಿನಲ್ಲಿ ಪ್ರತಿಯೊಬ್ಬರ ಮೇಲೂ ಅವನಿಗೆ ಅವತ್ತು ಗುಮಾನಿಯಿತ್ತು, ತನ್ನ ಲೆಕ್ಕಾಚಾರವೊಂದನ್ನು ಬಿಟ್ಟು.

ಮರ್ರೆ ಅಂಗಡಿಯಲ್ಲಿದ್ದ. ಕೀಲಿ ಸಲೀಸಾಗಿ ತಿರುಗಿತು. ಕಿಟಕಿಯ ಪಕ್ಕದ ಮೇಜಿನ ಮೇಲೆ ಅಕಾರ್ಡಿಯನ್ ಕೂತಿತ್ತು, ಪಕ್ಕದಲ್ಲಿ ಮಡಿಸಿಟ್ಟ ಹಳದಿ ಬಟ್ಟೆ. ಒಂದು ಕೂದಲೆಳೆಯಷ್ಟೂ ಧೂಳಿರಲಿಲ್ಲ. ತಂಗಿ ಧೂಳು ಒರೆಸುತ್ತಿದ್ದ ಬಟ್ಟೆ ಅದು. ಒಂದು ಕ್ಷಣ ಬಿಟ್ಟು ಹೋಗಿಬಿಡೋಣವೆನ್ನಿಸಿತು. ಆಮೇಲೆ ಐದನೆಯ ಸ್ವರ ನೆನಪಾಯಿತು. ತಿದಿ ಬಿಚ್ಚದೆ, ಸದ್ದು ಬಾರದಂತೆ, ಆರೂ ಸ್ವರದ ಮಣೆಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿ ನೋಡಿದ. ಬಟ್ಟೆಯನ್ನು ಅಲ್ಲೇ ಬಿಟ್ಟು ಅಕಾರ್ಡಿಯನ್ನನ್ನು ಚೀಲಕ್ಕಿಳಿಸಿದ.

ವಾಪಸು ಬರುವಾಗ ಕರ್ಲಿಂಗ್ ಆಟದ ಕ್ಲಬ್ಬಿನ ತನ್ನ ಕಪಾಟಿನಲ್ಲಿ ಅದನ್ನಿಟ್ಟು ಬೀಗ ಹಾಕಿದ. ನಾಲ್ಕೂಕಾಲಿಗೆ ಹಿಂಬಾಗಿಲಿನಿಂದ ಮನೆಯೊಳಗೆ ಬಂದಾಗ ಹಾಡು ಎಡೆಬಿಡದೆ ಹರಿಯುತ್ತಿತ್ತು. ಕಡತದೊಳಗಿನ ಸುಳ್ಳು ವಿಳಾಸಗಳನ್ನೆಲ್ಲ ಅಳಿಸಿದ. ಮೂರು ಹಾಡು ಮುಗಿದದ್ದೇ ಮರ್ರೆ ಬಂದ. ‘ಐದನೇದು ತಪ್ಪು ಕಣೋ, ಕತ್ತೆ’ ಎಂದು ಲೋರ್ನ್ ಎಂದಿಲ್ಲದ ಪ್ರೀತಿಯಿಂದ ಕೂಗಿದ. ಊಟಕ್ಕೆ ಕ್ಲಬ್ಬಿಗೇ ಹೋಗಿ, ಗೆಳೆಯರೆದುರು ನಕ್ಕು ಮಾತಾಡಿ, ಬಂದು ಮಲಗಿದ. ಒಳ್ಳೆಯ ನಿದ್ದೆ ಬಂತು.

ಶನಿವಾರ ಬೆಳಗ್ಗೆ ಹತ್ತಕ್ಕೆ ಪೊಲೀಸಿನವಳು ಬಂದಳು. ಫೋರ್ತಿಯೇ ಅಂತ ಹೆಸರು, ಮಾತು ಮೆತ್ತಗೆ. ಲೋರ್ನ್ ಕಾಫಿ ಕೊಟ್ಟ. ಹಾಡನ್ನು ನಿಲ್ಲಿಸಲಿಲ್ಲ, ಸ್ವಲ್ಪ ತಗ್ಗಿಸಿದ.

‘ನಿನ್ನೆ ಮಧ್ಯಾಹ್ನ ಎಲ್ಲಿದ್ರಿ, ಥೀಸನ್ ಅವರೇ?’

‘ಈ ಕುರ್ಚಿ ಮೇಲೆ. ರಿಟೈರಾದವನಿಗೆ ಇನ್ನೇನು ಕೆಲಸ? ನೋಡಿ ಬೇಕಾದ್ರೆ.’ ಪರದೆಯನ್ನು ಅವಳತ್ತ ತಿರುಗಿಸಿದ. ಹನ್ನೆರಡೂವರೆಯಿಂದ ಒಂದರ ಕೆಳಗೊಂದು ಹಾಡು.

ಅವಳು ಬರೆದುಕೊಂಡಳು. ಅವಳ ಮುಖದ ಬಿಗಿ ಸಡಿಲವಾದದ್ದನ್ನು ಲೋರ್ನ್ ನೋಡಿದ. ಆ ಹೊತ್ತಿಗೆ ಹಿಂಬಾಗಿಲು ತೆರೆದ ಸದ್ದಾಯಿತು. ಮಿಸೆಸ್ ಬಬಿಯಾಕ್ ಮೈಗೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದರು. ಹೊರಗೆ ಪೊಲೀಸ್ ಕಾರು ನೋಡಿ ಎದೆ ಹಾರಿತಂತೆ. ತಾನೇ ಕರೆಸಬೇಕೆಂದಿದ್ದ ಸಾಕ್ಷಿ ಕಾಲು ಹಾಕಿಕೊಂಡು ಬಂದಿದೆ. ಲೋರ್ನ್ ಎದ್ದು ಕುರ್ಚಿ ಕೊಟ್ಟ.

‘ನಿನ್ನೆ ಮಧ್ಯಾಹ್ನ ಇವರ ಮನೆಯಿಂದ ಏನಾದ್ರೂ ಕೇಳಿಸ್ತಾ, ಮೇಡಮ್?’

‘ಕೇಳಿಸ್ದೆ ಇರತ್ತಾ? ಹಾಡು, ಹಾಡು. ಒಂದೇ ಸಮ ಹಾಡು.’

ಲೋರ್ನ್ ಕಾಫಿಯ ಲೋಟವನ್ನು ತುಟಿಗಿಟ್ಟ.

‘ಹಾಗಾದ್ರೆ ಇವರು ಮನೇಲೇ ಇದ್ರು.’

‘ಇಲ್ವಲ್ಲ’ ಎಂದರು ಮಿಸೆಸ್ ಬಬಿಯಾಕ್. ‘ಎಲ್ಲಿಗೋ ಹೋಗಿದ್ದ. ಒಳ್ಳೇದೇ ಆಯ್ತು ಬಿಡಿ, ಸತ್ತೇ ಹೋಗಿದಾನೆ ಅಂತ ನಾನು ಅಂದ್ಕೊಂಡಿದ್ದೆ.’

ಪೊಲೀಸಿನವಳು ಪೆನ್ನು ಎತ್ತಿದಳು. ‘ಅದು ನಿಮಗೆ ಹೇಗೆ ಗೊತ್ತಾಯ್ತು?’

‘ನಂಗೆ ಒಲೆ ಮೇಲಿನ ಗಡಿಯಾರ ಕಾಣಲ್ಲಮ್ಮ, ಕಣ್ಣು ಮಂಜು. ಆಲೂಗಡ್ಡೆ ಒಲೆ ಮೇಲೆ ಇಡ್ತೀನಿ, ಆ ಹಾಸಿಗೆಯವನ ಜಾಹೀರಾತು ಎರಡು ಸಲ ಬರತ್ತೆ, ಇವನು ಎರಡು ಸಲ ಬಯ್ತಾನೆ, ಇಳಿಸ್ತೀನಿ. ಎರಡು ವರ್ಷದಿಂದ ಅದೇ ನನ್ನ ಗಡಿಯಾರ. ನಿನ್ನೆ ಕಾದೆ, ಕಾದೆ, ಜಾಹೀರಾತೂ ಇಲ್ಲ, ಬೈಗುಳವೂ ಇಲ್ಲ. ಆಲೂಗಡ್ಡೆ ಗಂಜಿಯಾಗಿ ಪಾತ್ರೆ ತಳ ಹಿಡೀತು, ಇವತ್ತು ಮತ್ತೆ ಇಟ್ಟಿದೀನಿ. ಎದೆ ಹಿಡ್ಕೊಂಡು ಬಿದ್ದಿದಾನೇನೋ ಅಂತ ಗೋಡೆ ತಟ್ಟಿದೆ, ಉತ್ತರ ಇಲ್ಲ. ಫರ್ನೇಸ್ ನೋಡ್ಕೊಳ್ಳೋಕೆ ಅಂತ ಇವನೇ ಕೊಟ್ಟಿದ್ದ ಕೀಲಿ ಇತ್ತಲ್ಲ, ಬಂದೆ. ಪೆಟ್ಟಿಗೆ ತನ್ನಷ್ಟಕ್ಕೆ ಹಾಡ್ತಾ ಇದೆ, ಇವನ ಬೂಟಿಲ್ಲ, ಕೋಟಿಲ್ಲ. ಬದುಕಿದಾನೆ ಅಂತ ಸಮಾಧಾನ ಆಯ್ತು. ಆ ಗಂಜೀನ ಎಸೆಯೋಕೆ ಮನಸ್ಸಾಗದೆ ಸೂಪ್ ಮಾಡಿ, ಮೂರೂವರೆ ಶಾಲೆ ಬಸ್ಸು ಬರೋ ಹೊತ್ತಿಗೆ ಇವನ ಫ್ರಿಜ್ಜಲ್ಲಿಟ್ಟು ಹೋದೆ. ಯಾಕಪ್ಪ ಲೋರ್ನ್, ನೋಡ್ಲಿಲ್ವಾ?’ ಫೋರ್ತಿಯೇ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ನೀಲಿ ಹೂವಿನ ಬಟ್ಟಲು, ಮೇಲೊಂದು ತಟ್ಟೆ. ಅಷ್ಟರಲ್ಲಿ ಮೂರನೆಯ ಹಾಡು ಮುಗಿದು ಮರ್ರೆ ಮನೆಯೊಳಗೆ ಬಂದ. ನಿದ್ದೆ ಬರ್ತಿಲ್ವಾ ಎಂದು ಕೇಳಿದ, ಆರು ಸ್ವರ ನುಡಿಸಿದ, ಐದನೆಯದು ತಪ್ಪಿತು. ಲೋರ್ನ್ ಆ ಬಟ್ಟಲನ್ನೇ ನೋಡುತ್ತಿದ್ದ. ಮಿಸೆಸ್ ಬಬಿಯಾಕ್ ಬೈಗುಳಕ್ಕೆಂದು ಒಂದು ಗಳಿಗೆ ಕಾದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ‘ಎರಡನೇದು ಇದು, ಆಲೂಗಡ್ಡೆ ಬೆಂದಿರತ್ತೆ’ ಎನ್ನುತ್ತಾ ತಮ್ಮ ಮನೆಯತ್ತ ನಡೆದರು.