ಎಡಗೈಯ ಮೊಸಳೆ

ಮುನ್ನೂರು ವರ್ಷ ನಮ್ಮ ದ್ವೀಪಗಳ ಮೇಲೆ ಕೂತಿದ್ದ ಸ್ಪೇನನ್ನು ನಾನು ಒಂದೇ ಕೈಯಲ್ಲಿ ಎತ್ತಿ ಸಮುದ್ರಕ್ಕೆ ಎಸೆದೆ. ಅದೂ ಎಡಗೈಯಲ್ಲಿ. ಬಲಗೈಗೆ ಪುರುಸೊತ್ತಿರಲಿಲ್ಲ, ಅದು ಸಿದ್ರಾಳ ಸೊಂಟದ ಮೇಲಿತ್ತು.

ನಗಬೇಡಿ. ಆಗ ನನಗೆ ಇಪ್ಪತ್ತೆರಡು. ಇಡೀ ಬುಲಕಾನ್ ಸೀಮೆಯಲ್ಲಿ ನನ್ನಂಥ ಚೆಲುವ ಇನ್ನೊಬ್ಬನಿರಲಿಲ್ಲ. ನಾನು ನದಿ ದಾಟಿದರೆ ಮೀನುಗಳು ತಲೆಯೆತ್ತಿ ನೋಡುತ್ತಿದ್ದವು. ಅಂಥ ಬಾಸ್ಯೊನನ್ನು, ಒಂದು ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ಸಿದ್ರಾ ತಾನಾಗಿ ಕರೆದಳು.

"ಮಧ್ಯಾಹ್ನ ನಮ್ಮನೇಲಿ ಡ್ಯಾನ್ಸ್ ಇದೆ. ಬರ್ತೀಯಾ? ಗಂಡಸ್ರು ಕಡಿಮೆ ಬಿದ್ದಿದಾರೆ."

"ನಾನೊಬ್ಬ ಹತ್ತು ಜನಕ್ಕೆ ಸಮ."

"ಮಾತಲ್ಲಿ ಸಮ, ಊರಿಗೇ ಗೊತ್ತು. ಕಾಲಲ್ಲಿ ನೋಡೋಣ."

ಅವರ ಮಹಡಿಯಲ್ಲಿ ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿಗಳೆಲ್ಲ ಬೀದಿಗೆ ತೆರೆದಿದ್ದವು. ಸೆಕೆಯೆಂದು ತೆರೆದರೇನೋ ಅಂದುಕೊಂಡೆ. ಆದರೆ ಹುಡುಗಿಯರೆಲ್ಲ ಕಿಟಕಿಯ ಪಕ್ಕದಲ್ಲೇ ಕುಣಿಯುತ್ತಿದ್ದರು, ಒಳಗೆ ಅಷ್ಟು ಜಾಗವಿದ್ದರೂ. ಕೆಳಗೆ ಬೀದಿಯಲ್ಲಿ ಸರ್ಕಾರಿ ಗಾರ್ಡುಗಳು ಕತ್ತೆತ್ತಿ ನೋಡಿ, ನಕ್ಕು, ಮುಂದೆ ಹೋಗುತ್ತಿದ್ದರು.

ಸಿದ್ರಾಳ ರವಿಕೆಯ ಅನಾನಸ್ ನಾರುಬಟ್ಟೆಯ ತೋಳು ನನ್ನ ಕೆನ್ನೆಗೆ ತಾಕುವಷ್ಟು ಹತ್ತಿರ. ಆದರೆ ಕಣ್ಣು? ಕಣ್ಣು ನನ್ನ ಹೆಗಲ ಮೇಲಿಂದ ಹಾದು, ಹಿಂದಿನ ಕೋಣೆಯ ಬಾಗಿಲಿಗೆ ಅಂಟಿಕೊಂಡಿತ್ತು.

"ಅಲ್ಲಿ ಯಾರಿದಾರೆ?"

"ಅಜ್ಜಿ. ಮಂಡಿನೋವು."

"ಅಜ್ಜಿಗೆ ಕೆಮ್ಮು ಗಂಡಸ್ರ ಥರ ಬರುತ್ತಲ್ಲ?"

"ಚುಟ್ಟಾ ಸೇದ್ತಾಳೆ. ನೀನು ಕಾಲು ನೋಡ್ಕೊಂಡು ಕುಣಿ."

ಎರಡನೆಯ ಭಾನುವಾರ ಅಜ್ಜಿ ಮೂರು ದನಿಗಳಲ್ಲಿ ಕೆಮ್ಮಿದಳು. ಮೂರನೆಯ ಭಾನುವಾರ ಆ ಬಾಗಿಲು ಗೇಣಷ್ಟು ತೆರೆಯಿತು. ಒಳಗೊಬ್ಬ ಯುವಕ, ಮುಖ ಕಾಣದು. ಎಡಗೈಗೆ ಬಟ್ಟೆ ಸುತ್ತಿದೆ. ಸಿದ್ರಾ ನನ್ನ ಕೈಬಿಟ್ಟು ಓಡಿ ಬಾಗಿಲೆಳೆದಳು. ತಿರುಗಿ ಬಂದಾಗ ಬೀಸಣಿಗೆ ಎಷ್ಟು ಬೀಸಿದರೂ ಅವಳ ಮುಖದ ಬಿಸಿ ಇಳಿಯಲೇ ಇಲ್ಲ.

ಸ್ಪೇನನ್ನು ಓಡಿಸಲು ಹುಟ್ಟಿದ ಗುಪ್ತ ಸಂಘದ ಸುದ್ದಿ ನನಗೂ ಗೊತ್ತಿತ್ತು. ಸೇರುವವರು ಎಡಗೈ ಕುಯ್ದುಕೊಂಡು, ತಮ್ಮ ರಕ್ತದಲ್ಲೇ ಸಹಿ ಹಾಕುತ್ತಾರಂತೆ. ಗಾರ್ಡುಗಳು ಆ ಗಾಯದ ಗುರುತನ್ನೇ ಹುಡುಕುತ್ತಾರಂತೆ. ಹಾಗಾದರೆ ಆ ಕೋಣೆಯಲ್ಲಿದ್ದವನು ಸಂಘದವನು, ಡ್ಯಾನ್ಸು ಬರೀ ಗಾರ್ಡುಗಳ ಕಣ್ಣಿಗೆ ಪರದೆ. ಅವಳ ಮನಸ್ಸಿನಲ್ಲಿದ್ದವನೂ ಅವನೇ ಇರಬೇಕು! ನನ್ನ ಹೊಟ್ಟೆಯಲ್ಲಿ ಎಂಟು ಒಲೆ ಒಟ್ಟಿಗೆ ಹೊತ್ತಿಕೊಂಡವು.

ನನ್ನ ಎಡಗೈ ಮೇಲೂ ಒಂದು ಗಾಯದ ಗುರುತಿತ್ತು. ಊರಿಗೆಲ್ಲ ಅದು ಮೊಸಳೆ ಕಚ್ಚಿದ್ದೆಂದು ಹೇಳಿದ್ದೆ. ನಾಲ್ಕನೆಯ ಭಾನುವಾರ, ಕುಣಿಯುತ್ತಲೇ ಅಂಗಿಯ ತೋಳು ಮೇಲೆ ಸರಿಸಿದೆ.

"ಸಿದ್ರಾ, ಯಾರಿಗೂ ಹೇಳ್ಬೇಡ. ಇದು ಮೊಸಳೆ ಅಲ್ಲ. ನಾನೂ ಸಂಘದವನೇ."

ಅವಳ ಹೆಜ್ಜೆ ತಪ್ಪಿತು. ಮೊದಲ ಬಾರಿಗೆ ನನ್ನ ಕಣ್ಣನ್ನೇ ನೋಡಿದಳು. ಆ ನೋಟದಲ್ಲಿ ಜೇನಿದೆಯೆಂದು ನಾನು ನಂಬಿದೆ.

"ಯಾವ ಊರಲ್ಲಿ ಸೇರಿದೆ?"

"ಮನಿಲಾದಲ್ಲಿ."

"ಕುಯ್ದಿದ್ದು ಯಾರು?"

"ಎಲ್ಲರಿಗಿಂತ ದೊಡ್ಡವನು. ಹೆಸರು ಹೇಳೋ ಹಾಗಿಲ್ಲ."

"ಹೌದಾ," ಎಂದಳು ನಿಧಾನವಾಗಿ. "ಮುಂದಿನ ಭಾನುವಾರ ತಪ್ಪಿಸ್ಬೇಡ, ಬಾಸ್ಯೊ. ಖಂಡಿತ ಬಾ."

ಆ ವಾರವಿಡೀ ನಾನು ನೆಲಕ್ಕೆ ಕಾಲೂರಲಿಲ್ಲ.

ಐದನೆಯ ಭಾನುವಾರ ಗಿಟಾರ್ ಶುರುವಾಗಿ ಎರಡು ಹಾಡು ಆಗಿತ್ತಷ್ಟೆ. ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಸಾರ್ಜೆಂಟ್ ಬಂದ. ಅವನ ನಾಲ್ವರು ಮನೆಯ ಹಿಂದೆ, ನದಿಯ ಕಡೆ ನಿಂತರು. ಸಿದ್ರಾ ನನ್ನತ್ತ ತಿರುಗಿದಳು. 'ನೀನೇ ಕರೆದುಕೊಂಡು ಬಂದೆಯಲ್ಲ' ಎಂದಿತು ಆ ನೋಟ.

"ಗಂಡಸ್ರೆಲ್ಲ ಎಡತೋಳು ಮೇಲೆ ಮಾಡ್ರೋ!"

ಆಗ ನಾನೇನು ಮಾಡಿದೆ ಗೊತ್ತೇ? ಎದೆಯುಬ್ಬಿಸಿ ಮುಂದೆ ಬಂದೆ. "ಇಗೋ ಗುರುತು! ಸಿಡಿಸು ಗುಂಡು!" ಎಂದು ಗರ್ಜಿಸಿದೆ. ಆ ದನಿಗೇ ಚರ್ಚಿನ ಗಂಟೆ ತಾನಾಗಿ ಮೊಳಗಿತು. ಹನ್ನೆರಡು ಗಾರ್ಡುಗಳು ಮೆಟ್ಟಿಲಿನಿಂದ ಉರುಳಿ...

"ಐದು ಜನ," ಎಂದಿತು ಅಡುಗೆಮನೆಯ ದನಿ. "ಸಾರ್ಜೆಂಟೂ ಸೇರಿ. ಒಬ್ರೂ ಉರುಳ್ಲಿಲ್ಲ. ಬಾಳೆ ಎಲೇಲಿ ಅಕ್ಕಿ ಕಡುಬು ಕಟ್ತಿದೀನಿ ಅಂತ ಕಿವಿ ಕೇಳಲ್ಲ ಅಂದ್ಕೊಂಡ್ಯಾ, ಮುದುಕಪ್ಪ? ಕೋಳಿ ಕಥೆ ಹೇಳು."

"ಯಾವ ಕೋಳಿ?"

"ಅದೇ, ಆ ಕೋಳಿ."

ಸರಿ. ಸಿಕ್ಕಿಬಿದ್ದೆ. ಇನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಸಾರ್ಜೆಂಟ್ ನನ್ನ ತೋಳು ಸರಿಸಿ, "ಏನೋ ಇದು?" ಎಂದ. ಮೊಸಳೆ ಎನ್ನೋಣವೆಂದರೆ, ಆ ಕಥೆಯನ್ನು ಅವನೇ ಹೆಂಡದಂಗಡಿಯಲ್ಲಿ ಮೂರು ಸಲ ಕೇಳಿದ್ದ. ಪ್ರತಿ ಸಲ ಮೊಸಳೆ ಒಂದು ಮಾರು ಬೆಳೆದಿತ್ತು.

"ಕೋಳಿ," ಎಂದೆ.

"ಏನಂದೆ?"

"ಕೋಳಿ, ಸಾಹೇಬ್ರೆ. ನಂದೇ ಕೋಳಿ. ಕಾದಾಟದ ಅಂಕದಲ್ಲಿ ಹೆದ್ರಿ ಓಡ್ತು. ಎತ್ಕೊಳ್ಳೋಕೆ ಹೋದೆ. ಕಾಲಿಗೆ ಕಟ್ಟಿದ್ದ ಕತ್ತೀಲಿ ಕುಯ್ದ್‌ಬಿಡ್ತು. ರಕ್ತ ನೋಡಿ ಮೂರ್ಛೆ ಹೋದೆ."

"ನೀನು ಹೇಳಿದ್ದನ್ನ ನಂಬೋಕೆ ನಾನೇನು ಹುಚ್ಚನಾ?"

ಹುಟ್ಟಿದಾಗಿನಿಂದ ಹೇಳಿದ ಮೊದಲನೆಯ ನಿಜ, ನಂಬುವವರೇ ಇಲ್ಲ! ಅವನ ಕೈ ಬಂದೂಕಿಗೆ ಹೋಯಿತು.

"ನಿಜ, ಸಾಹೇಬ್ರೆ," ಎಂದಳು ಸಿದ್ರಾ. "ಅವತ್ತು ನಾನು ಅಂಕದ ಬಾಗಿಲಲ್ಲಿ ಕಡುಬು ಮಾರ್ತಿದ್ದೆ. ವಿನೆಗರ್ ಹಾಕಿ ಗಾಯ ತೊಳ್ದಿದ್ದೂ ನಾನೇ. ಮೂರ್ಛೇಲೂ 'ಅವ್ವಾ, ಅವ್ವಾ' ಅಂತಿದ್ದ."

ತೊಳೆದದ್ದು ಅವಳೆಂದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಅಂಕದಲ್ಲಿ ನನಗೆ ಎಚ್ಚರವಾಗುವಷ್ಟರಲ್ಲಿ ಅವಳು ಎದ್ದುಹೋಗಿದ್ದಳಂತೆ. ಅಂದರೆ ಕಳೆದ ಭಾನುವಾರ ನಾನು ಮನಿಲಾ, ರಕ್ತ, ದೊಡ್ಡವನು ಎಂದಾಗ ಅವಳಿಗೆ ಎಲ್ಲ ಗೊತ್ತಿತ್ತು! ಕೋಳಿ ಕುಯ್ದ ಕೈ ತೋರಿಸಿ ಸಂಘದವನೆನ್ನುವವನು ಗೂಢಚಾರನಲ್ಲದೆ ಇನ್ನಾರು ಎಂದುಕೊಂಡಿದ್ದಳು. ನನ್ನನ್ನು ಖಂಡಿತ ಬಾ ಎಂದದ್ದು ಅದಕ್ಕೇ. ಹಿಂದಿನ ಕೋಣೆಯಲ್ಲಿ ಅವಳ ಅಣ್ಣ ಕಾಂದಿದೊ ನನಗಾಗಿಯೇ ಕತ್ತಿ ಮಸೆದು ಕೂತಿದ್ದ. ಬಟ್ಟೆ ಸುತ್ತಿದ ಕೈಯವನು ಅವನೇ. ಸಾರ್ಜೆಂಟನ ಕೈ ಬಂದೂಕಿಗೆ ಹೋದದ್ದು ನೋಡಿದ ಮೇಲೇ ನಾನು ಅವರ ಗೂಢಚಾರನಲ್ಲವೆಂದು ಅವಳಿಗೆ ಖಾತ್ರಿಯಾದದ್ದು.

ಸಾರ್ಜೆಂಟ್ ನಗತೊಡಗಿದ. "ಕೋಳಿ ಹೇಗೆ ಓಡ್ತು? ತೋರ್ಸೋ!" ನಾನು ತೋರಿಸಿದೆ. ರೆಕ್ಕೆ ಬಡಿದೆ, ಕೂಗಿದೆ, ಹುಡುಗಿಯರ ನಡುವೆ ಕುಪ್ಪಳಿಸಿದೆ. ನಗು ಕೇಳಿ ಹಿಂದಿದ್ದ ನಾಲ್ವರೂ ಮೇಲೆ ಬಂದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಕೂಗಿದೆ. ಆ ಹೊತ್ತಿನಲ್ಲೇ ಹಿಂದಿನ ಕೋಣೆಯಿಂದ ಏಳು ಜನ ನದಿಗಿಳಿದು ದೋಣಿ ಹತ್ತಿದರು.

ಉಪಾಯ ಮಾಡಿ ಕೂಗಿದೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಇಲ್ಲ. ದೋಣಿಯ ವಿಷಯ ನನಗೆ ತಿಳಿದಿರಲೇ ಇಲ್ಲ. ಹೆದರಿಕೆಗೆ ಕೂಗಿದೆ.

ಗಾರ್ಡುಗಳು ಇಳಿದುಹೋದ ಮೇಲೆ ಸಿದ್ರಾ ನನ್ನೆದುರು ನಿಂತಳು. "ಯಾಕೆ ಸುಳ್ಳು ಹೇಳ್ದೆ? ಸಾಯ್ತಿದ್ದೆಯಲ್ಲೋ."

"ನೀನು ಬಾಗಿಲನ್ನೇ ನೋಡ್ತಿದ್ದೆ. ಒಂದ್ಸಲ ನನ್ನ ನೋಡ್ಲಿ ಅಂತ."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು, ಸುಳ್ಳೆಲ್ಲಿದೆಯೆಂದು ಹುಡುಕುವವಳಂತೆ. ಆಮೇಲೆ ನನ್ನ ಗಾಯದ ಮೇಲೆ ಬೆರಳಿಟ್ಟಳು. "ಇದನ್ನ ತೊಳೆಯೋವಾಗಲೇ ಅಂದ್ಕೊಂಡಿದ್ದೆ, ಇಂಥವನನ್ನ ಯಾರಾದ್ರೂ ನೋಡ್ಕೋಬೇಕು ಅಂತ."

ಸ್ಪೇನನ್ನು ನೂಕಿದ್ದು ನಾನಲ್ಲ. ನೂಕಿದವರು ಆ ದೋಣಿಯಲ್ಲಿದ್ದರು; ಏಳರಲ್ಲಿ ಮೂವರು ಮರಳಲಿಲ್ಲ. ಕಾಂದಿದೊ ಅವರಲ್ಲೊಬ್ಬ. ಸಿದ್ರಾ ಇಂದಿಗೂ ಆ ಹಿಂದಿನ ಬಾಗಿಲಿಗೆ ಅಗಳಿ ಹಾಕುವುದಿಲ್ಲ.

"ಬಲಗೈ ಸೊಂಟದ ಮೇಲಿದ್ದದ್ದು ಮಾತ್ರ ನಿಜ," ಎಂದೆ ಅಡುಗೆಮನೆಯ ಕಡೆಗೆ.

"ಅದೂ ಸುಳ್ಳು," ಎಂದಳು. "ನಡುಗ್ತಿತ್ತು ಅಂತ ನಾನೇ ಹಿಡ್ಕೊಂಡಿದ್ದೆ."

ಹೌದು. ಹಿಡಿದುಕೊಂಡಿದ್ದಳು.